ಪೋಷಕರಿಗೆ ಪತ್ರ: ಹಳ್ಳಿಯ ರಸ್ತೆ ಮತ್ತು ನಮ್ಮ ಕಾರುಗಳು

ಪ್ರೀತಿಯ ಪೋಷಕರೇ,

ನಮಸ್ಕಾರ. ನಮ್ಮ ಭಾನುವಾರದ ಕನ್ನಡ ತರಗತಿಗೆ ಈ ವರ್ಷ ಮಕ್ಕಳು ಜಾಸ್ತಿ ಆಗಿದ್ದಾರೆ. ಆಕ್ಸ್‌ಫರ್ಡ್, ಬಿಸ್ಟರ್, ಬ್ಯಾನ್‌ಬರಿ ಕಡೆಯಿಂದೆಲ್ಲ ಕರೆದುಕೊಂಡು ಬರುತ್ತಿದ್ದೀರಿ. ನನಗೆ ಇದಕ್ಕಿಂತ ಖುಷಿ ಬೇರೆ ಇಲ್ಲ. ಆದರೆ ಮಕ್ಕಳ ಜೊತೆ ಕಾರುಗಳೂ ಹೆಚ್ಚಿವೆ. ಹಳ್ಳಿಯವರು ಬೇಸರ ಹೇಳಿಕೊಂಡಿದ್ದಾರೆ. ಅವರ ಮಾತು ನ್ಯಾಯವಾದದ್ದೇ.

ಒಂದು ಚರ್ಚು, ಒಂದು ಪಬ್ಬು, ನಾವು ಸೇರುವ ವಿಲೇಜ್ ಹಾಲ್, ಸುತ್ತಲೂ ಹೊಲ. ಊರು ಅಂದರೆ ಇಷ್ಟೇ. ಭಾನುವಾರ ಬಸ್ಸಿಲ್ಲ, ಹಾಗಾಗಿ ಕಾರು ತರಬೇಡಿ ಅಂತ ಹೇಳಲಾರೆ. ರಸ್ತೆ ಮಾತ್ರ ಕುದುರೆಗಾಡಿಯ ಕಾಲದ್ದು. ಎರಡೂ ಕಡೆ ಆಳೆತ್ತರದ ಗಿಡಬೇಲಿ. ತಿರುವಿನ ಆಚೆ ಏನು ಬರುತ್ತಿದೆ ಅಂತ ಕಾಣುವುದೇ ಇಲ್ಲ. ಫುಟ್‌ಪಾತ್ ಇರುವುದು ಒಂದೇ ಕಡೆ, ಅದೂ ಒಬ್ಬರು ನಡೆಯುವಷ್ಟು.

ಕಳೆದ ವಾರ ಆ ಫುಟ್‌ಪಾತ್ ಮೇಲೆ ಎರಡು ಚಕ್ರ ಹತ್ತಿಸಿ ನಮ್ಮವರ ಕಾರೊಂದು ನಿಂತಿತ್ತು. ಎದುರುಮನೆಯ ಅಜ್ಜಿ ವಾಕರ್ ಹಿಡಿದು ಬಂದರು. ಜಾಗ ಸಾಲಲಿಲ್ಲ. ವಾಕರಿನ ಮುಂದಿನ ಚಕ್ರಗಳನ್ನು ಮೆಲ್ಲಗೆ ರಸ್ತೆಗೆ ಇಳಿಸಿ, ಕಾರಿನ ಬಾನೆಟ್ ಮೇಲೆ ಒಂದು ಕೈ ಊರಿ, ತಾವೂ ಇಳಿದರು. ಅಷ್ಟರಲ್ಲಿ ತಿರುವಿನಿಂದ ಟ್ರಾಕ್ಟರ್ ಬಂತು. ಪುಣ್ಯಕ್ಕೆ ಡ್ರೈವರ್ ನಿಲ್ಲಿಸಿ, ಅವರು ದಾಟುವವರೆಗೂ ಕಾದರು. ನಮ್ಮ ಮನೆಯ ಅಜ್ಜಿಗೆ ಹೀಗಾಗಿದ್ದರೆ ನಾವು ಸುಮ್ನೆ ಇರುತ್ತಿದ್ದೆವಾ?

ಊರಾಚೆಯ ರೈತರೊಬ್ಬರು ದೊಡ್ಡ ಮನಸ್ಸು ಮಾಡಿ ತಮ್ಮ ಅಂಗಳದಲ್ಲಿ ಕಾರು ನಿಲ್ಲಿಸಲು ಒಪ್ಪಿದ್ದಾರೆ. ಇನ್ನು ಮೇಲೆ ಎಲ್ಲರೂ ಅಲ್ಲೇ ನಿಲ್ಲಿಸಿ. ಹಾಲ್‌ಗೆ ಸ್ವಲ್ಪ ನಡೆಯಬೇಕು, ಮಕ್ಕಳ ಕೈ ಹಿಡಿದುಕೊಂಡು ಬನ್ನಿ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಕ್ಕೆ, ಎದುರಿನಿಂದ ಬರುವ ಗಾಡಿ ಕಾಣುವ ಹಾಗೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಹೊಲದ ಗೇಟಿನ ಮುಂದಾಗಲಿ, ಎದುರು ಗಾಡಿಗೆ ದಾರಿ ಬಿಡಲು ಮಾಡಿರುವ ಅಗಲ ಜಾಗದಲ್ಲಾಗಲಿ ದಯವಿಟ್ಟು ಐದು ನಿಮಿಷವೂ ನಿಲ್ಲಿಸಬೇಡಿ. ಕೊಯ್ಲಿನ ಕಾಲದಲ್ಲಿ ರೈತರಿಗೆ ಭಾನುವಾರ ರಜೆ ಇರುವುದಿಲ್ಲ.

ಹಾರ್ನ್ ಬಗ್ಗೆ ಒಂದು ಮಾತು. ಭಾರತದಲ್ಲಿ ನಮ್ಮೂರ ಕಡೆ ಹಾರ್ನ್ ಹೊಡೆಯೋದು ‘ಬರ್ತಾ ಇದ್ದೀನಿ’ ಅಂತ ತಿಳಿಸೋಕೆ, ಅಲ್ವಾ? ಇಲ್ಲಿ ರಸ್ತೆಯಲ್ಲಿ ಹೋಗುವ ಕುದುರೆ ಅದೇ ಸದ್ದಿಗೆ ಬೆದರಿ ಸವಾರರನ್ನು ಕೆಡವಬಹುದು. ಎಷ್ಟೋ ಸಲ ಮೇಲೆ ಕೂತಿರುವುದು ನಮ್ಮ ಮಕ್ಕಳ ವಯಸ್ಸಿನವರೇ. 2022ರಲ್ಲಿ ತಿದ್ದಿದ ಹೈವೇ ಕೋಡ್ (ಇಲ್ಲಿನ ರಸ್ತೆ ನಿಯಮಗಳ ಪುಸ್ತಕ) ಪ್ರಕಾರ ಕುದುರೆಯನ್ನು ದಾಟುವಾಗ ವೇಗ ಗಂಟೆಗೆ 10 ಮೈಲಿಗಿಂತ ಕಡಿಮೆ ಇರಬೇಕು, ಪಕ್ಕದಲ್ಲಿ ಕನಿಷ್ಠ 2 ಮೀಟರ್ ಜಾಗ ಬಿಡಬೇಕು. ಅಷ್ಟು ಜಾಗ ಇಲ್ಲದಿದ್ದರೆ ಹಿಂದೆಯೇ ನಿಧಾನವಾಗಿ ಬನ್ನಿ.

ಹಳ್ಳಿಯೊಳಗೆ ಮಿತಿ 20 ಮೈಲಿ. ಆ ವೇಗದಲ್ಲಿ ಅಪಾಯ ಕಂಡು, ಬ್ರೇಕ್ ಹಾಕಿ, ಕಾರು ಪೂರ್ತಿ ನಿಲ್ಲಲು ಸುಮಾರು 12 ಮೀಟರ್ ಬೇಕು, 30ರಲ್ಲಿ 23 ಮೀಟರ್. ತಡವಾದರೆ ಆಗಲಿ, ಪ್ರಾರ್ಥನೆ ತಪ್ಪಿದರೂ ನಾನೇನೂ ಅನ್ನುವುದಿಲ್ಲ.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಸಂಜೆ ಬೇಗ ಕತ್ತಲಾಗುತ್ತದೆ. ಇಲ್ಲಿ ಬೀದಿದೀಪ ಇಲ್ಲ. ಅಂದಿನಿಂದ ತರಗತಿ ಮಧ್ಯಾಹ್ನ 1 ಗಂಟೆಗೆ ಶುರುವಾಗಿ 3ಕ್ಕೆ ಮುಗಿಯುತ್ತದೆ. ಮಕ್ಕಳಿಗೆ ತಿಳಿ ಬಣ್ಣದ ಜಾಕೆಟ್ ಹಾಕಿ, ಬ್ಯಾಗಿನಲ್ಲಿ ಒಂದು ಟಾರ್ಚ್ ಇರಲಿ. ರೈತರ ಅಂಗಳಕ್ಕೆ ದಾರಿ ವಾಟ್ಸಾಪ್ ಗುಂಪಿಗೆ ಹಾಕಿದ್ದೇನೆ, ನೋಡಿಕೊಳ್ಳಿ.

ವಿಶ್ವಾಸದಿಂದ,
ಮುಖ್ಯ ಶಿಕ್ಷಕಿ