ನುಡಿಗಟ್ಟಿನ ಪಟ್ಟಿ ಸಾಕು, ಪದಗಳ ಒಡನಾಟ ಕಲಿಸಿ

ಮಾನ್ಯ ಸಂಪಾದಕರೇ,

ತಮ್ಮ ಶಿಕ್ಷಣ ಪುರವಣಿಯಲ್ಲಿ ಪ್ರತಿ ವಾರ ಪ್ರಕಟವಾಗುವ ಇಂಗ್ಲಿಷ್ ನುಡಿಗಟ್ಟುಗಳ ಅಂಕಣವನ್ನು ತಪ್ಪದೆ ಓದುವವರಲ್ಲಿ ನಾನೂ ಒಬ್ಬ. ಕಳೆದ ವಾರ ಅದರಲ್ಲಿ ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎಂಬ ಹಳೆಯ ಗಿರಾಕಿ ಮತ್ತೆ ಕಾಣಿಸಿಕೊಂಡಿತು. ಪದವಿಪೂರ್ವ ಕಾಲೇಜಿನಲ್ಲಿ ಬಹುಕಾಲ ಇಂಗ್ಲಿಷ್ ಕಲಿಸಿದ ನಾನು, ಈ ನಾಯಿ ಬೆಕ್ಕುಗಳ ಮಳೆಯನ್ನು ಬಾಯಿಪಾಠ ಮಾಡಿಕೊಂಡ ವಿದ್ಯಾರ್ಥಿಯೇ ಜೋರು ಮಳೆಗೆ ‘ಸ್ಟ್ರಾಂಗ್ ರೈನ್’ ಎಂದು ಬರೆದದ್ದನ್ನು ಎಷ್ಟೋ ಸಲ ತಿದ್ದಿದ್ದೇನೆ. ಕನ್ನಡದಲ್ಲಿ ಮಳೆಯೂ ಜೋರು, ಗಾಳಿಯೂ ಜೋರು, ಜ್ವರವೂ ಜೋರು. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಜ್ವರ ‘ಹೈ’. ಹೋಟೆಲಿನಲ್ಲಿ ‘ಸ್ಟ್ರಾಂಗ್ ಕಾಫಿ’ ಎಂದು ಸರಿಯಾಗಿಯೇ ಕೇಳುವ ನಾವು ಅದರ ಎದುರಿಗೆ ‘ಲೈಟ್ ಟೀ’ ಎನ್ನುತ್ತೇವೆ, ಆಂಗ್ಲರು ‘ವೀಕ್ ಟೀ’ ಎನ್ನುತ್ತಾರೆ. ಇಂಥ ಜೋಡಿಗಳನ್ನು ಯಾವ ವ್ಯಾಕರಣ ಸೂತ್ರವೂ ಹೇಳಿಕೊಡುವುದಿಲ್ಲ.

ನಮ್ಮ ಮಕ್ಕಳು ಮುಗ್ಗರಿಸುವುದು ಹೆಚ್ಚಾಗಿ ‘ಮಾಡು’ ಎಂಬ ಕ್ರಿಯಾಪದದ ಬಳಿ. ಒಮ್ಮೆ ವಿದ್ಯಾರ್ಥಿಯೊಬ್ಬ ಕ್ಷಮಾಪಣೆ ಪತ್ರದಲ್ಲಿ ‘ಐ ಡಿಡ್ ಎ ಮಿಸ್ಟೇಕ್’ ಎಂದು ಬರೆದು ತಂದಿದ್ದ. ಕಾಗುಣಿತ ಸರಿ, ಕಾಲ ಸರಿ. ಆದರೂ ಅಲ್ಲಿ ‘ಮೇಡ್’ ಬರಬೇಕಿತ್ತು. ತಪ್ಪು ಮಾಡುವುದು, ಅಪರಾಧ ಮಾಡುವುದು, ಊಟ ಮಾಡುವುದು, ಮನೆಪಾಠ ಮಾಡುವುದು ನಮಗೆ ಒಂದೇ ಕ್ರಿಯಾಪದದಲ್ಲಿ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಅದೇ ಸಾಲು ‘ಮೇಕ್’, ‘ಕಮಿಟ್’, ‘ಹ್ಯಾವ್’, ‘ಡೂ’ ಎಂದು ನಾಲ್ಕು ದಾರಿ ಹಿಡಿಯುತ್ತದೆ.

ಹೀಗೆ ಜೊತೆಜೊತೆಯಾಗಿ ಬರುವ ಪದಗಳನ್ನು ‘ಕೊಲೊಕೇಷನ್’ ಎನ್ನುತ್ತಾರೆ. ಇವುಗಳನ್ನು ವ್ಯವಸ್ಥಿತವಾಗಿ ಸಂಗ್ರಹಿಸಿದ ಆರಂಭದ ಕೆಲಸಗಳಲ್ಲಿ ಒಂದು ನಡೆದದ್ದು ಇಂಗ್ಲೆಂಡಿನಲ್ಲಲ್ಲ, ಜಪಾನಿನಲ್ಲಿ: ಅಲ್ಲಿನ ಶಾಲಾಮಕ್ಕಳ ಕಷ್ಟ ಕಂಡ ಇಂಗ್ಲಿಷ್ ಬೋಧನಾ ತಜ್ಞ ಹೆರಾಲ್ಡ್ ಪಾಮರ್ 1933ರಲ್ಲಿ ಟೋಕಿಯೊದಿಂದ ಇದರ ಬಗ್ಗೆ ವರದಿ ಹೊರತಂದರು, ಅವರ ಜೊತೆ ದುಡಿದ ಎ. ಎಸ್. ಹಾರ್ನ್‌ಬಿ ಅವರ ನಿಘಂಟು 1942ರಲ್ಲಿ ಅಲ್ಲಿಯೇ ಅಚ್ಚಾಯಿತು. ಇಂದು ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟಿನ ಮೂಲ ಅದೇ. ಅದರಲ್ಲಿ ಅರ್ಥದ ಕೆಳಗೆ ಕೊಟ್ಟಿರುವ ಉದಾಹರಣೆ ವಾಕ್ಯಗಳನ್ನು ಮಾತ್ರ ನಮ್ಮಲ್ಲಿ ಯಾರೂ ಓದುವುದಿಲ್ಲ. ಅರ್ಥ ಸಿಕ್ಕಿತೋ, ಪುಸ್ತಕ ಮುಚ್ಚಿತು. ಪದದ ಗುಣ ತಿಳಿಯಬೇಕಾದರೆ ಅದರ ಸಹವಾಸ ನೋಡಬೇಕು ಎಂಬರ್ಥದ ಮಾತನ್ನು 1957ರಲ್ಲಿ ಬರೆದ ಭಾಷಾವಿಜ್ಞಾನಿ ಜೆ. ಆರ್. ಫರ್ತ್ ಅವರು ಅದಕ್ಕೂ ಮೊದಲು ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. (ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಕಥೆ ಅಲ್ಲಿ ಅವರ ಕಿವಿಗೆ ಬಿದ್ದಿತ್ತೋ ಏನೋ!)

ಎಲ್ಲವನ್ನೂ ತಪ್ಪೆಂದು ಕೆಂಪು ಶಾಯಿ ಎಳೆಯಬೇಕೆಂದು ನಾನು ಹೇಳುತ್ತಿಲ್ಲ. ಪರೀಕ್ಷೆ ‘ಬರೆಯುವ’ ನಾವು ‘ರೈಟ್ ದಿ ಎಕ್ಸಾಮ್’ ಎನ್ನುತ್ತೇವೆ, ಪರೀಕ್ಷೆ ‘ಕೊಡುವ’ ಹಿಂದಿಯವರು ‘ಗಿವ್’ ಎನ್ನುತ್ತಾರೆ, ಬ್ರಿಟನ್ನಿನವರು ‘ಸಿಟ್’ ಅಥವಾ ‘ಟೇಕ್’ ಎನ್ನುತ್ತಾರೆ. ನಮ್ಮೊಳಗೆ ವ್ಯವಹಾರ ನಿಲ್ಲುವುದಿಲ್ಲ. ಆದರೆ ವಿದೇಶ ವ್ಯಾಸಂಗಕ್ಕೆ ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆಯಾದ ಐಇಎಲ್‌ಟಿಎಸ್ ಬರೆಯುವವರು, ಅದರ ಬರವಣಿಗೆ ವಿಭಾಗದ 7ನೇ ಬ್ಯಾಂಡಿನ (ಅಂಕದ ಹಂತದ) ಮಾನದಂಡದಲ್ಲಿ ಕೊಲೊಕೇಷನ್ ಎಂಬ ಪದವನ್ನೇ ಹೆಸರಿಸಿರುವುದನ್ನು ಗಮನಿಸಬೇಕು.

ಈ ಪಾಠಕ್ಕೆ ಬೇಕಾದ ಸಲಕರಣೆ ಮಕ್ಕಳ ಬಾಯಲ್ಲೇ ಇದೆ. ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಇಂಗ್ಲಿಷಿಗೆ ಇಷ್ಟಕ್ಕೂ ‘ವೇರ್’ ಒಂದೇ ಸಾಕು. ಹೂವನ್ನು ‘ಉಟ್ಟಳು’ ಎಂದರೆ ಐದನೇ ತರಗತಿಯ ಹುಡುಗಿಯೂ ನಗುತ್ತಾಳೆ. ಆ ನಗುವಿನಿಂದ ತರಗತಿ ಆರಂಭವಾದರೆ ‘ಡಿಡ್ ಎ ಮಿಸ್ಟೇಕ್’ ಆಂಗ್ಲರ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಆದ್ದರಿಂದ ಅಂಕಣದಲ್ಲಿ ಹತ್ತು ನುಡಿಗಟ್ಟುಗಳ ಪಟ್ಟಿಗೆ ಬದಲಾಗಿ ವಾರಕ್ಕೊಂದೇ ನಾಮಪದವನ್ನು ಅದರ ಒಡನಾಡಿ ಕ್ರಿಯಾಪದಗಳ ಸಮೇತ, ಕನ್ನಡದ ಜೋಡಿಯನ್ನು ಪಕ್ಕದಲ್ಲಿಟ್ಟು ಪ್ರಕಟಿಸಬೇಕೆಂದು ಕೋರುತ್ತೇನೆ. ಮೊದಲ ವಾರಕ್ಕೆ ‘ವರ್ಡ್’ ಆಗಬಹುದು: ಮಾತು ಕೊಡುವುದು ಎರಡೂ ಭಾಷೆಗಳಲ್ಲಿ ಕೊಡುವುದೇ, ನಾವು ಉಳಿಸಿಕೊಳ್ಳುವ ಮಾತನ್ನು ಅವರು ‘ಕೀಪ್’ ಮಾಡುತ್ತಾರೆ, ನಾವು ಮಾತಿಗೆ ತಪ್ಪಿದರೆ ಅವರು ಮಾತನ್ನೇ ಮುರಿಯುತ್ತಾರೆ.

– ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಹಾಸನ