ನಿನ್ನ ಐಪಾಡಿನ ಲೆಕ್ಕಪತ್ರ

ಪ್ರೀತಿಯ ಗೆಳೆಯಾ,

ರಜೆಯಲ್ಲಿ ಊರಿಗೆ ಬಂದಾಗ "ಇನ್ನು ಇದು ನನಗೆ ಬೇಡ, ನೀನೇ ಇಟ್ಟುಕೋ" ಎಂದು ನೀನು ಕೊಟ್ಟುಹೋದ ಬಿಳಿಯ ಐಪಾಡ್ ಈಗಲೂ ಹಾಡುತ್ತಿದೆ. ಈ ಪತ್ರವನ್ನು ಹೀಗೆ ನಾಲ್ಕು ಜನ ಓದುವ ಜಾಗದಲ್ಲಿ ಹಾಕುವುದಕ್ಕೆ ಕಾರಣವಿದೆ. ನಿನಗೊಬ್ಬನಿಗೇ ಬರೆದರೆ ಎರಡು ಸಾಲಿನ ಉತ್ತರ ಕೊಟ್ಟು ಜಾರಿಕೊಳ್ಳುತ್ತೀಯೆ. ಧಾರವಾಡದ ಕೋಣೆಯಲ್ಲಿ ಸಂಗೀತ ಕೇಳಲು ಕೂಡುತ್ತಿದ್ದ ನಮ್ಮ ಉಪ್ಪಿಟ್ಟು ಸಭೆಯ ಸದಸ್ಯರೆಲ್ಲ ನೋಡುತ್ತಿದ್ದಾರೆಂದರೆ ಅದು ಸಾಧ್ಯವಾಗಲಾರದು. ಸದಸ್ಯರಿಗೆ ನಮಸ್ಕಾರ. ಹಳದಿ ಕೊಡೆಯ ವಿಷಯ ಈ ಪತ್ರದಲ್ಲಿ ಎಲ್ಲಿಯೂ ಬರುವುದಿಲ್ಲ, ಸಂಬಂಧಪಟ್ಟವರು ನಿಶ್ಚಿಂತರಾಗಿರಬಹುದು.

ಮೊದಲು ಯಂತ್ರದ ಯೋಗಕ್ಷೇಮ. ವಯಸ್ಸಿಗೆ ತಕ್ಕಂತೆ ಬ್ಯಾಟರಿ ಸೋತಿತ್ತು. ಸಂಜೆ ಚಾರ್ಜ್ ಮಾಡಿದರೆ ಹಿಂದೂಸ್ತಾನಿ ಗಾಯನದ ಒಂದು ಖಯಾಲ್ ಮುಗಿಯುವಷ್ಟರಲ್ಲಿ ಕಣ್ಣು ಮುಚ್ಚಿಬಿಡುತ್ತಿತ್ತು. ಬದಲಾಯಿಸುವುದೋ ಬೇಡವೋ ಎಂದು ತೀರ್ಮಾನಿಸಲಾಗದೆ, ಇದೇ ಮಾದರಿಯನ್ನು ಇಂದಿಗೂ ಇಟ್ಟುಕೊಂಡಿರುವವರು ಏನನ್ನುತ್ತಾರೆಂದು ಓದತೊಡಗಿದೆ. ಓದಿದಷ್ಟೂ ಮುಗಿಯದ ಸಾಹಿತ್ಯವದು. 2001ರ ಅಕ್ಟೋಬರಿನಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಜೇಬಿನಿಂದ ತೆಗೆದು ತೋರಿಸಿದ ಮೊದಲನೆಯ ಐಪಾಡಿನಲ್ಲಿ ಇದ್ದದ್ದು 5 ಜಿಬಿ ಜಾಗ, ಸಾವಿರ ಹಾಡು, 399 ಡಾಲರ್ ಬೆಲೆ. ನಿನ್ನದು 2005ರ ಅಕ್ಟೋಬರಿನಲ್ಲಿ ಬಂದ ಐದನೆಯ ಪೀಳಿಗೆಯದು, 30 ಜಿಬಿಯದು. ತಿರುಗುವ ಡಿಸ್ಕ್ ಇದ್ದ ಕ್ಲಾಸಿಕ್ ಮಾದರಿಯನ್ನು 2014ರಲ್ಲಿ ನಿಲ್ಲಿಸಿದರು, ಐಪಾಡ್ ಎಂಬ ಹೆಸರಿನ ಕೊನೆಯ ವಸ್ತುವನ್ನು 2022ರಲ್ಲಿ ನಿಲ್ಲಿಸಿದರು. ತಯಾರಿಸಿದವರು ಮರೆತ ಮೇಲೆಯೂ ಇಟ್ಟುಕೊಂಡವರು ಮಾತು ನಿಲ್ಲಿಸಿಲ್ಲ.

ಅವರಲ್ಲಿ ದೊಡ್ಡ ಜಗಳ ಧ್ವನಿಯನ್ನು ಕುರಿತದ್ದು. ನಿನ್ನ ಐಪಾಡಿನೊಳಗೆ ಅಂಕಿಗಳನ್ನು ನಾದವಾಗಿಸುವ ಚಿಪ್ ವುಲ್ಫ್‌ಸನ್ ಎಂಬ ಸಂಸ್ಥೆಯದು. 2007ರ ಕ್ಲಾಸಿಕ್‌ನಿಂದ ಅದನ್ನು ಬಿಟ್ಟು ಸಿರಸ್ ಲಾಜಿಕ್‌ನವರದನ್ನು ಹಾಕಿದರು. ಹಳೆಯದನ್ನು ಇಟ್ಟುಕೊಂಡವರು ತಮ್ಮದರ ಧ್ವನಿಯಲ್ಲಿ ಬೆಚ್ಚನೆಯ ತುಂಬುತನವಿದೆಯೆಂದು ಆಣೆಯಿಟ್ಟು ಹೇಳುತ್ತಾರೆ, ಹೊಸದನ್ನು ಇಟ್ಟುಕೊಂಡವರು ಅದೆಲ್ಲ ಕಿವಿಯ ಭ್ರಮೆಯೆನ್ನುತ್ತಾರೆ. ನಾನು ಯಾರ ಪಕ್ಷವನ್ನೂ ಹಿಡಿಯಲಾರೆ. ನನ್ನ ಇಯರ್‌ಫೋನು ರೈಲ್ವೆ ಸ್ಟೇಷನ್ನಿನ ಎದುರು ಕೊಂಡದ್ದು. ಅದರ ಮೂಲಕ ಕೇಳಿ ತೀರ್ಪು ಕೊಡುವುದು ಎರಡೂ ಚಿಪ್ಪುಗಳಿಗೆ ಮಾಡುವ ಅನ್ಯಾಯ.

ಇನ್ನೊಂದು ಪಂಗಡದವರು ಒಳಗಿನ ತೋಶಿಬಾ ಡಿಸ್ಕನ್ನು, 1.8 ಇಂಚಿನ ಆ ಪುಟ್ಟ ಚಕ್ರವನ್ನು, ಕಿತ್ತು ಅದರ ಜಾಗದಲ್ಲಿ ಮೆಮೊರಿ ಕಾರ್ಡ್ ಕೂರಿಸುತ್ತಾರೆ. ಯಂತ್ರ ಹಗುರವಾಗುತ್ತದೆ, ಬಿದ್ದರೆ ಹೆದರಬೇಕಿಲ್ಲ, ಜಾಗ ಹತ್ತಾರು ಪಟ್ಟು ಹೆಚ್ಚುತ್ತದೆ. ಹಾಗೆ ಮಾಡಿಸಿಕೊಂಡವರಲ್ಲಿಯೇ ಕೆಲವರು, ಕಿವಿಗೆ ಒತ್ತಿ ಹಿಡಿದರೆ ಡಿಸ್ಕ್ ಎದ್ದು ಸುತ್ತತೊಡಗುವ ಆ ಸಣ್ಣ ಗುಂಯ್ ಸದ್ದು ಹೋಯಿತಲ್ಲ ಎಂದು ಕೊರಗುತ್ತಾರೆ. ಇಲ್ಲಿ ನಮ್ಮಂಥ ಕೇಳುಗರ ಕಷ್ಟವೊಂದನ್ನು ಅವರು ಯಾರೂ ಬರೆದಿಲ್ಲವಾದ್ದರಿಂದ ನಾನೇ ಬರೆಯುತ್ತೇನೆ. ಈ ಯಂತ್ರ ಡಿಸ್ಕಿನಿಂದ ಹಾಡುಗಳನ್ನು 32 ಎಂಬಿಯ ಒಂದು ಚಿಕ್ಕ ನೆನಪಿಗೆ ತುಂಬಿಕೊಂಡು, ಡಿಸ್ಕನ್ನು ಮಲಗಿಸಿ, ಆ ನೆನಪಿನಿಂದ ಹಾಡುತ್ತದೆ. ನಾಲ್ಕು ನಿಮಿಷದ ಹಾಡುಗಳಾದರೆ ಒಮ್ಮೆಗೆ ಹಲವನ್ನು ನುಂಗಿಕೊಂಡು ಡಿಸ್ಕ್ ಹಾಯಾಗಿ ಮಲಗಿರುತ್ತದೆ. ಮುಕ್ಕಾಲು ಗಂಟೆಯ ರಾಗವೊಂದನ್ನು ಒಂದೇ ಕಡತವಾಗಿ, ಅದೂ ಒಳ್ಳೆಯ ಗುಣಮಟ್ಟದಲ್ಲಿ ಇಟ್ಟರೆ ಅದು ಆ ನೆನಪಿನಲ್ಲಿ ಹಿಡಿಸುವುದಿಲ್ಲ, ಡಿಸ್ಕ್ ಮತ್ತೆ ಮತ್ತೆ ಎದ್ದೇಳಬೇಕು. ಕಂಪನಿ ಹೇಳಿದ 14 ಗಂಟೆಯ ಬ್ಯಾಟರಿ ಬಾಳಿಕೆ ವಿಲಂಬಿತ ಖಯಾಲ್ ಕೇಳುವವನ ಪಾಲಿಗೆ ಬರುವುದೇ ಇಲ್ಲ.

ಷಫಲ್ ಬಗ್ಗೆಯೂ ಹೇಳಬೇಕು. ಹಾಡುಗಳನ್ನು ಕಲಸಿ ಹಾಡಿಸು ಎಂದಾಗ ಒಬ್ಬನೇ ಗಾಯಕ ಮೇಲಿಂದ ಮೇಲೆ ಬರುತ್ತಾನೆ, ಇದು ನಿಜವಾದ ಕಲಸುವಿಕೆಯಲ್ಲ ಎಂದು ಮಾಲೀಕರು ಗೊಣಗಿದಾಗ 2005ರಲ್ಲಿ ಸ್ಟೀವ್ ಜಾಬ್ಸ್ ಹೊಸ ಏರ್ಪಾಟನ್ನು ತಂದರು: ಜನರಿಗೆ ಯಾದೃಚ್ಛಿಕವೆಂದು ಅನ್ನಿಸುವಂತಾಗಲು ಯಾದೃಚ್ಛಿಕತೆಯನ್ನೇ ಕಡಿಮೆ ಮಾಡಿದರು. ನಮ್ಮ ಗೊಣಗಾಟ ಬೇರೆ. ಷಫಲ್ ಒತ್ತಿದರೆ ಪಿ.ಬಿ. ಶ್ರೀನಿವಾಸರ ಬೆನ್ನಿಗೆ ಮೃದಂಗದವರ ತನಿ ಆವರ್ತನವೊಂದು ಹಾಡಿಲ್ಲದೆ, ಹೇಳದೆ ಕೇಳದೆ ಬಂದು ಬಾರಿಸಿ ಹೋಗುತ್ತದೆ. ನೀನು ಹೆಸರುಗಳನ್ನು ಬರೆದಿಟ್ಟ ಬಗೆಯೂ ಕಡಿಮೆಯದಲ್ಲ. ರೋಮನ್ ಅಕ್ಷರಗಳಲ್ಲಿ ಮೂರು ತೆರನಾಗಿ ಬರೆದಿರುವುದರಿಂದ ಮಲ್ಲಿಕಾರ್ಜುನ ಮನ್ಸೂರರು ಮೂವರು ಬೇರೆ ಬೇರೆ ಗಾಯಕರಾಗಿ ಕುಳಿತಿದ್ದಾರೆ, ಅವರಲ್ಲೊಬ್ಬರು 'ಪಂಡಿತ್' ಎಂಬ ಕಾರಣಕ್ಕೆ ಬಹಳ ಕೆಳಗೆ. ರಾಗದ ಹೆಸರನ್ನು ಹಾಕಲು ಆ ಯಂತ್ರದಲ್ಲಿ ಜಾಗವೇ ಇಲ್ಲವೆಂದು ನೀನು 'ಕಂಪೋಸರ್' ಎಂಬ ಮನೆಯಲ್ಲಿ ರಾಗಗಳನ್ನು ತುಂಬಿದ್ದೀಯೆ. ಇದನ್ನು ಮಾತ್ರ ಮನಸಾರೆ ಹೊಗಳುತ್ತೇನೆ. ರಚನಕಾರರ ಪಟ್ಟಿಯಲ್ಲಿ ಬಿಹಾಗ, ಮಾರ್ವಾ, ಶಿವಮತ ಭೈರವ ಎಂದು ಓದುತ್ತ ಹೋಗುವುದಕ್ಕೆ ಒಂದು ಗಾಂಭೀರ್ಯವಿದೆ.

ಇಷ್ಟಕ್ಕೆ ನಿಲ್ಲಿಸಿ, ಬ್ಯಾಟರಿ ಬದಲಾಯಿಸಿದ್ದೇನೆ, ಚೆನ್ನಾಗಿದೆ, ಧನ್ಯವಾದ ಎಂದು ಮುಗಿಸಬಹುದಿತ್ತು. ಆದರೆ ಹುಬ್ಬಳ್ಳಿಯ ರಿಪೇರಿಯವನು, ಬಿಚ್ಚುವ ಮೊದಲು ಒಳಗಿರುವುದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು ಬನ್ನಿ ಎಂದ.

ನಾನು ಇದನ್ನು ಇಷ್ಟು ವರ್ಷ ಯಾವ ಕಂಪ್ಯೂಟರಿಗೂ ಜೋಡಿಸಿರಲಿಲ್ಲ. ಬೇರೆ ಗಣಕದ ಐಟ್ಯೂನ್ಸ್‌ಗೆ, ಅಂದರೆ ಐಪಾಡಿಗೆ ಹಾಡು ತುಂಬುವ ತಂತ್ರಾಂಶಕ್ಕೆ, ಜೋಡಿಸಿದರೆ, ಇದು ಇನ್ನೊಬ್ಬರ ಸಂಗ್ರಹದ ಯಂತ್ರ, ಎಲ್ಲವನ್ನೂ ಅಳಿಸಿ ನಿಮ್ಮದನ್ನು ತುಂಬಲೇ ಎಂದು ಅದು ಕೇಳುತ್ತದೆಂದು ನೀನೇ ಎಚ್ಚರಿಸಿದ್ದೆ. ಆ ಹೆದರಿಕೆಯಿಂದ ಗೋಡೆಯ ಪ್ಲಗ್ಗಿಗಷ್ಟೇ ಚುಚ್ಚಿ ಚಾರ್ಜ್ ಮಾಡುತ್ತ ಬಂದೆ. ಅಂದರೆ ಈ ಐಪಾಡಿನೊಳಗೆ ನಾನಾಗಿ ಸೇರಿಸಿದ ಹಾಡು ಒಂದೂ ಇಲ್ಲ. ನೀನು ಬಿಟ್ಟುಹೋದದ್ದು ಹಾಗೆಯೇ ಇದೆ. ತಂಗಿಯ ಮಗ ಅಡಗಿಸಿಟ್ಟ ಫೋಲ್ಡರನ್ನು ಹೇಗೋ ತೆರೆದ. ಹಾಡುಗಳೆಲ್ಲ ಅರ್ಥವಿಲ್ಲದ ನಾಲ್ಕು ನಾಲ್ಕು ಅಕ್ಷರಗಳ ಹೆಸರು ಹೊತ್ತು ಸಾಲಾಗಿ ಬಿದ್ದಿದ್ದವು. ಯಾವುದು ಯಾವುದೆಂದು ಹೊಂದಿಸಲು ಅವನೊಂದು ತಂತ್ರಾಂಶವನ್ನು ಓಡಿಸಿದಾಗ, ಹಾಡಿನ ಹೆಸರಿನ ಪಕ್ಕದಲ್ಲಿ, ಅದು ಎಷ್ಟು ಸಲ ಕೊನೆಯವರೆಗೆ ಹಾಡಿತೆಂಬ ಅಂಕಿಯೂ ಬಂತು. "ಮಾಮಾ, ಲೆಕ್ಕ ಎರಡು ಕಡೆ ಐತಿ" ಎಂದ. ಕೊನೆಯ ಸಲ ಕಂಪ್ಯೂಟರಿಗೆ ಜೋಡಿಸುವ ತನಕದ ಲೆಕ್ಕ ಒಂದು ಕಡತದಲ್ಲಿರುತ್ತದಂತೆ, ಅದರ ಆಚೆಗಿನದು ಮತ್ತೊಂದರಲ್ಲಿ. ಒಂದು ನಿನ್ನದು, ಇನ್ನೊಂದು ನನ್ನದು. ಎರಡೂ ಬೆರೆಯದೆ ಉಳಿದಿದ್ದವು.

ಮುಂದಿನದನ್ನು ಓದಿದ್ದು ಸಭ್ಯತೆಯಲ್ಲವೆಂದು ನನಗೆ ಗೊತ್ತು. ಗೆಳೆಯನ ದಿನಚರಿ ತೆರೆದು ಬಿದ್ದಿರುವಾಗ ಕಣ್ಣು ಬೇರೆ ಕಡೆ ತಿರುಗಿಸುವಷ್ಟು ದೊಡ್ಡ ಮನುಷ್ಯ ನಾನಲ್ಲವೆಂಬುದು ನಿನಗೂ ಗೊತ್ತು.

ಗೆಳೆಯಾ, ಧಾರವಾಡದ ಆ ಕೋಣೆಯಲ್ಲಿ ಸಿನಿಮಾ ಹಾಡು ಹಾಕಿದವರಿಗೆ ದಂಡ ವಿಧಿಸುತ್ತಿದ್ದವನು ನೀನು. ಸುಗಮ ಸಂಗೀತವೆಂಬ ಹೆಸರು ಕೇಳಿದರೆ ಹುಬ್ಬು ಏರಿಸುತ್ತಿದ್ದವನು ನೀನು. ಹಿಂದೂಸ್ತಾನಿ ಗಾಯಕ ಉಸ್ತಾದ್ ಅಮೀರ್ ಖಾನರ ಮಾರ್ವಾ ರಾಗ ಕೇಳದವನಿಗೆ ಸಂಜೆಯೆಂದರೇನೆಂದೇ ತಿಳಿದಿಲ್ಲವೆಂದು ಘೋಷಿಸಿದ್ದೂ ನೀನೇ. ನಿನ್ನ ಲೆಕ್ಕದಲ್ಲಿ ಆ ಮಾರ್ವಾದ ಮುಂದೆ ಸೊನ್ನೆಯಿದೆ. ನಿನ್ನ ಪರವಾಗಿ ಮೊದಲು ವಾದಿಸಿದವನು ನಾನೇ: ಯಂತ್ರ ಹಾಡು ಕೊನೆಮುಟ್ಟಿದಾಗ ಮಾತ್ರ ಎಣಿಸುತ್ತದೆ, ಕೊನೆಯ ಕ್ಷಣದಲ್ಲಿ ನಿಲ್ಲಿಸಿದರೂ ಲೆಕ್ಕಕ್ಕೆ ಬರುವುದಿಲ್ಲ, ಮೂರು ನಿಮಿಷದ ಹಾಡೂ ಒಂದೇ, ದೀರ್ಘ ರಾಗವೂ ಒಂದೇ, ಹೀಗಾಗಿ ಸಣ್ಣ ಹಾಡುಗಳೇ ಮೇಲೇರುವುದು ಸಹಜ ಎಂದೆಲ್ಲ. ಆಗ ಹುಡುಗ ಪಕ್ಕದ ಇನ್ನೊಂದು ಅಂಕಣವನ್ನು ತೋರಿಸಿದ. ಆರಂಭದಲ್ಲಿಯೇ ದಾಟಿಹೋದದ್ದನ್ನೂ ಅದು ಎಣಿಸುತ್ತದೆ. ಅಲ್ಲಿ ಮಾರ್ವಾದ ಮುಂದೆ ಸೊನ್ನೆ ಇರಲಿಲ್ಲ. ನಿನ್ನ ಪಟ್ಟಿಯ ತಲೆಯಲ್ಲಿ ಇದ್ದವರು ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ, ಅವರಿಗೂ ಮೇಲೆ, ಎಲ್ಲಕ್ಕಿಂತ ಮೇಲೆ, 'ಟ್ರ್ಯಾಕ್ 07' ಎಂಬ ಅನಾಮಧೇಯ ಹಾಡು.

ಇಲ್ಲಿಯವರೆಗೆ ಇದು ತಮಾಷೆ. ಸಭೆಗೆ ಇಷ್ಟನ್ನೇ ಹೇಳಿ ನಗಿಸಬೇಕೆಂದು ಕುಳಿತವನು ನಾನು.

ಆಮೇಲೆ ನನ್ನ ಲೆಕ್ಕವನ್ನು ನೋಡಿದೆ. ನನ್ನದರ ತಲೆಯಲ್ಲಿ ಮಾರ್ವಾ ಇದೆ. ಮನ್ಸೂರರು ಮೂರೂ ಅವತಾರಗಳಲ್ಲಿ ಇದ್ದಾರೆ. ಪಿ.ಬಿ.ಎಸ್. ಹಾಡುಗಳನ್ನು ನಾನು ದಾಟಿ ದಾಟಿ ಹೋಗಿದ್ದೇನೆ, ಮನೆಯಲ್ಲಿ ಯಾರೂ ಇಲ್ಲದಾಗಲೂ, ಯಾರೂ ದಂಡ ಹಾಕುವವರಿಲ್ಲದಾಗಲೂ. ನೀನು ಕೇಳುತ್ತಿದ್ದೀಯೆಂದುಕೊಂಡು ನಾನು ಕೇಳಿದ್ದೇನೆ. ಮಾರ್ವಾದಲ್ಲಿ ಪಂಚಮವಿಲ್ಲ, ಮೂಲ ಸ್ವರವಾದ ಷಡ್ಜವನ್ನೂ ತಪ್ಪಿಸಿಕೊಂಡು ಕೋಮಲ ರಿಷಭ, ಶುದ್ಧ ಧೈವತಗಳ ನಡುವೆಯೇ ಅಲೆಯುತ್ತಾರೆ, ಮನೆ ಕಾಣುತ್ತಿದ್ದರೂ ಒಳಗೆ ಹೋಗುವುದಿಲ್ಲ ಎಂದು ನೀನು ಹೇಳಿದ್ದನ್ನು ನಾನು ನನ್ನ ಮಾತೆಂಬಂತೆ ಎಷ್ಟು ಮನೆಗಳಲ್ಲಿ, ಎಷ್ಟು ಊಟಗಳ ನಂತರ ಹೇಳಿದ್ದೇನೆಂದರೆ, ಈಗ ಈ ಊರಿನಲ್ಲಿ ನನಗೆ ರಸಿಕನೆಂಬ ಹೆಸರಿದೆ, ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕುರ್ಚಿಯೂ ಇದೆ. ಹೆಂಡತಿ ಒಮ್ಮೆ "ಇದು ನಿಮಗೆ ಇಷ್ಟವೋ, ಇಲ್ಲ ಸುಮ್ಮನೆ ಕೇಳುತ್ತೀರೋ?" ಎಂದು ಕೇಳಿದ್ದಳು. ಅಂದು ಉತ್ತರಿಸದೆ ವಾಲ್ಯೂಮ್ ಏರಿಸಿದ್ದೆ.

ಅದೇ ಕೋಣೆಯ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ನೀವೆಲ್ಲ ಗಾಯಕರನ್ನು ತೂಗಿ ನೋಡುತ್ತ ಕುಳಿತಾಗ ನಡುವೆ ನಾನೆದ್ದು ಚಹಾ ತರಲು ಹೋಗುತ್ತಿದ್ದೆನಲ್ಲ, ಎಂಥ ಸೇವಾಭಾವವೆಂದು ನೀವು ಹೊಗಳುತ್ತಿದ್ದಿರಲ್ಲ, ಅದು ಸೇವಾಭಾವವಾಗಿರಲಿಲ್ಲ. ಮಾತು ಸುತ್ತಿ ಸುತ್ತಿ ನನ್ನ ಹತ್ತಿರ ಬಂದು, ನಿನಗೇನನ್ನಿಸಿತು ಎಂದು ಯಾರಾದರೂ ಕೇಳಿಬಿಟ್ಟರೆ ಎಂಬ ದಿಗಿಲು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ನಿಮ್ಮ ಜೊತೆ ಕುಳಿತಿರುವುದಷ್ಟೇ ಹಿತವೆನ್ನಿಸುತ್ತಿತ್ತು. ನೀನು ದೇಶ ಬಿಟ್ಟು ಹೋದ ಮೇಲೆ ಆ ಹಿತ ಈ ಡಬ್ಬಿಯೊಳಗಿದೆಯೆಂದು ತಿಳಿದು ದಿನವೂ ಸಂಜೆ ಕಿವಿಗಿಟ್ಟುಕೊಂಡೆ. ನೀನು ಅಲ್ಲಿ ಅದೇ ಹೊತ್ತಿಗೆ ಅದೇ ರಾಗವನ್ನು ಕೇಳುತ್ತಿರುವೆಯೆಂದು ಕಲ್ಪಿಸಿಕೊಂಡೆ. ನಿನಗಾಗ ಬೆಳಗಿನ ಜಾವವೆಂಬುದು ಹೊಳೆಯಲೇ ಇಲ್ಲ. ಫೋನ್ ಮಾಡಬೇಕೆಂದು ಅನ್ನಿಸಿದಾಗಲೂ ಮಾಡದೆ ಮಾರ್ವಾ ಹಾಕಿದ್ದುಂಟು. ಫೋನಿನಲ್ಲಿ ನೀನು ಮನೆಯ ಸಾಲ, ಮಕ್ಕಳ ಶಾಲೆ ಎನ್ನುತ್ತಿದ್ದೆ. ಡಬ್ಬಿಯೊಳಗಿನ ನೀನು ಇನ್ನೂ ಹಳೆಯವನೇ ಆಗಿದ್ದೆ. ಈಗ ಆ ಡಬ್ಬಿಯೊಳಗಿನವನೂ ನೀನಲ್ಲವೆಂದು ಅಂಕಿಗಳು ಹೇಳುತ್ತಿವೆ. ಹಾಗಾದರೆ ಇಷ್ಟು ಸಂಜೆ ನಾನು ಯಾರ ಪಕ್ಕದಲ್ಲಿ ಕುಳಿತಿದ್ದೆ?

ಇನ್ನೂ ತೊಡಕಿನ ಸಂಗತಿಯೆಂದರೆ, ಲೆಕ್ಕ ನೋಡಿದ ಮರುದಿನ, ಇನ್ನು ಯಾರಿಗೂ ಏನನ್ನೂ ತೋರಿಸಬೇಕಿಲ್ಲವೆಂಬ ಧೈರ್ಯದಲ್ಲಿ ಪಿ.ಬಿ.ಎಸ್. ಹಾಕಿದೆ. ಹಾಡು ಇಂಪಾಗಿಯೇ ಇತ್ತು. ಅದರ ಅರ್ಧಕ್ಕೇ, ನನಗೇ ತಿಳಿಯದಂತೆ, ಹೆಬ್ಬೆರಳು ಚಕ್ರವನ್ನು ತಿರುಗಿಸಿ ಮತ್ತೆ ಮಾರ್ವಾದ ಮೇಲೆ ಬಂದು ನಿಂತಿತು. ಖಾನ್ ಸಾಹೇಬರು ಷಡ್ಜಕ್ಕೆ ಬಂದಾಗ ಎಂದಿನಂತೆ ಎದೆ ತುಂಬಿತು. ಇದು ನನ್ನ ರುಚಿಯೋ, ನಿನ್ನ ಸುಳ್ಳು ನನ್ನಲ್ಲಿ ಬೇರು ಬಿಟ್ಟದ್ದೋ ಹೇಳಲಾರೆ. ಹುಬ್ಬಳ್ಳಿಯ ರಿಪೇರಿಯವನಿಗೂ ಇದು ಬಿಚ್ಚಿ ನೋಡಲು ಬರುವಂಥದ್ದಲ್ಲ.

ಇರಲಿ, ಬರೆಯಬೇಕಾದದ್ದಕ್ಕಿಂತ ಹೆಚ್ಚು ಬರೆದೆ. ಹೊಸ ಬ್ಯಾಟರಿಯ ಹುಮ್ಮಸ್ಸು ಎಂದು ತಿಳಿದು ಸಭೆಯವರು ಕ್ಷಮಿಸಬೇಕು. ಕಲಾಪಕ್ಕೆ ಬರೋಣ. ಸಿನಿಮಾ ಹಾಡಿಗೊಂದು ತಟ್ಟೆ ಉಪ್ಪಿಟ್ಟಿನ ದಂಡವೆಂಬ ನಿಯಮವನ್ನು ತಂದವನು ನೀನೇ ಆದ್ದರಿಂದ, ಕಡತದಲ್ಲಿರುವ ಅಂಕಿಗಳ ಪ್ರಕಾರ ನಿನ್ನ ಬಾಕಿ ಧಾರವಾಡದ ಒಂದು ದೊಡ್ಡ ಮದುವೆಗೆ ಸಾಲುವಷ್ಟಿದೆ. ಗೋಡಂಬಿ ಹಾಕಿಸತಕ್ಕದ್ದು. ಹಳದಿ ಕೊಡೆಯ ಮಾಲೀಕರು ಬಡಿಸತಕ್ಕದ್ದು. ನನ್ನ ಮುಂದಿನ ಸಾಲಿನ ಕುರ್ಚಿಯನ್ನು ಮಾತ್ರ ಯಾರೂ ಕೇಳಬಾರದು, ಅದಕ್ಕಾಗಿ ನಾನು ಬಹಳ ಮಾರ್ವಾ ಕೇಳಿದ್ದೇನೆ.

ಕೊನೆಯದಾಗಿ, ಆ ಟ್ರ್ಯಾಕ್ 07. ಹೆಣ್ಣುದನಿ, ಹಾರ್ಮೋನಿಯಂ, ಮಧ್ಯದಲ್ಲಿ ಯಾರೋ ಕೆಮ್ಮುತ್ತಾರೆ, ಪಾತ್ರೆಯ ಸದ್ದಿದೆ. ಯಾವುದೇ ಕಂಪನಿಯ ಧ್ವನಿಮುದ್ರಿಕೆಯಂತೆ ಕೇಳುವುದಿಲ್ಲ. ಹಾಡಿದವರು ಯಾರೆಂದು ತಿಳಿಸು. ಇದರ ಉತ್ತರವನ್ನು ಮಾತ್ರ ಎಲ್ಲರೆದುರಿಗೆ ಬರೆಯಬೇಡ, ಫೋನ್ ಮಾಡು. ನಿನ್ನ ಬೆಳಗಿನ ಜಾವವಾದರೂ ಚಿಂತೆಯಿಲ್ಲ, ಎಚ್ಚರವಾಗಿರುತ್ತೇನೆ.

ನಿನ್ನ,
ಚಹಾ ತರುತ್ತಿದ್ದವನು