ಮೊದಲು ಮಲ್ಪೆ, ಆಮೇಲೆ ಕುದುರೆಮುಖ

ಮಾನ್ಯ ಸಂಪಾದಕರೇ,

ಮಳೆ ಹಿಂದೆಗೆಯುತ್ತಿದ್ದಂತೆ ಉಡುಪಿ, ಮಂಗಳೂರಿನ ಚಾರಣ ತಂಡಗಳ ವಾಟ್ಸ್‌ಆ್ಯಪ್‌ನಲ್ಲಿ ಕುದುರೆಮುಖ, ನೇತ್ರಾವತಿ ಶಿಖರ, ಕುಮಾರ ಪರ್ವತದ ಪ್ರಕಟಣೆಗಳು ಬೀಳತೊಡಗುತ್ತವೆ. ಬೆನ್ನಿಗೇ ಒಂದು ಪ್ರಶ್ನೆ: ‘ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ, ಬರಬಹುದಾ?’ ಮನೆಯವರ ಉತ್ತರ, ‘ಇನ್ನು ಗುಡ್ಡದ ಸುದ್ದಿ ಎತ್ತಬೇಡಿ.’ ಗೆಳೆಯರದ್ದು, ‘ಬ್ಲಾಕ್ ತೆಗೆದಾಯಿತಲ್ಲ, ಇನ್ನೆಂಥ ಹೆದರಿಕೆ?’ ಎರಡೂ ತಪ್ಪು. ಸ್ಟೆಂಟ್ ರಕ್ತನಾಳವನ್ನು ತೆರೆಯುತ್ತದೆಯೇ ಹೊರತು ಆಘಾತದಲ್ಲಿ ಸತ್ತ ಸ್ನಾಯುವನ್ನು ಬದುಕಿಸುವುದಿಲ್ಲ. ಆ ಗಾಯ ಮಾಗಲು ಆರರಿಂದ ಎಂಟು ವಾರ ಬೇಕು. ಬೈಪಾಸ್ ಆದವರ ಎದೆಮೂಳೆ ಕೂಡಿಕೊಳ್ಳಲು ಎಂಟರಿಂದ ಹನ್ನೆರಡು ವಾರ. ಅಲ್ಲಿಯವರೆಗೆ ಬೆನ್ನಿಗೆ ಚೀಲ ಏರಿಸುವಂತಿಲ್ಲ.

ವೈದ್ಯರಲ್ಲಿ ‘ಹೋಗಬಹುದಾ’ ಎಂದು ಕೇಳಿದರೆ ‘ಜಾಗ್ರತೆ’ ಎಂಬ ಮಾತು ಸಿಗುತ್ತದೆ. ಅಂಕಿ ಕೇಳಬೇಕು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಪಂಪಿಂಗ್ ಎಷ್ಟು ಶೇಕಡಾ? 50ಕ್ಕಿಂತ ಮೇಲಿದ್ದರೆ ನಿರಾಳ, 40ಕ್ಕಿಂತ ಕೆಳಗಿದ್ದರೆ ಗುಡ್ಡದ ಯೋಚನೆ ಸದ್ಯಕ್ಕೆ ಬೇಡ. ಬೇರೆ ನಾಳದಲ್ಲಿ ಬ್ಲಾಕ್ ಉಳಿದಿದೆಯೇ? ಟಿಎಂಟಿಯಲ್ಲಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆಯಲ್ಲಿ, ಎಷ್ಟು ಮೆಟ್ ಬಂತು? ಸುಮ್ಮನೆ ಕೂತಾಗ ದೇಹ ಬಳಸುವ ಆಮ್ಲಜನಕ ಒಂದು ಮೆಟ್. ಸಮತಟ್ಟಿನ ನಡಿಗೆಗೆ ಮೂರು, ಮೂರೂವರೆ ಮೆಟ್ ಸಾಕು. ಚೀಲ ಹೊತ್ತು ಗುಡ್ಡ ಹತ್ತಲು ಆರೇಳು ಬೇಕು. ಗಂಟೆಗಟ್ಟಲೆ ಆರು ಮೆಟ್‌ನಲ್ಲಿ ದುಡಿಯುವವರ ಗರಿಷ್ಠ ಸಾಮರ್ಥ್ಯ ಹತ್ತರ ಆಸುಪಾಸಿನಲ್ಲಿರಬೇಕು. ಟ್ರೆಡ್‌ಮಿಲ್ಲಿನ ಸಾಮಾನ್ಯ ಪರೀಕ್ಷೆಯಲ್ಲಿ ಮೂರನೇ ಹಂತ, ಅಂದರೆ ಒಂಬತ್ತು ನಿಮಿಷವನ್ನು ಎದೆನೋವಾಗಲಿ ಇಸಿಜಿ ಬದಲಾವಣೆಯಾಗಲಿ ಇಲ್ಲದೆ ಮುಗಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅದೂ ಎಸಿ ಕೋಣೆಯಲ್ಲಿ, ಬರಿಗೈಯಲ್ಲಿ ಎಂಬುದು ನೆನಪಿರಲಿ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ. ಮೈ ತಣ್ಣಗಾಗಿಸಲು ಹೃದಯ ಚರ್ಮಕ್ಕೂ ರಕ್ತ ಕಳಿಸಬೇಕಾಗಿ ಅದೇ ಏರು ಇನ್ನಷ್ಟು ಭಾರವಾಗುತ್ತದೆ. ‘ಮೇಲೆ ಆಮ್ಲಜನಕ ಕಡಿಮೆ’ ಎಂಬ ಹೆದರಿಕೆಗೆ ಮಾತ್ರ ಇಲ್ಲಿ ಆಧಾರವಿಲ್ಲ. ಕುದುರೆಮುಖದ ಎತ್ತರ 1,894 ಮೀಟರ್. ಎತ್ತರದ ತೊಂದರೆ ಶುರುವಾಗುವುದು ಸುಮಾರು 2,500ರ ಮೇಲೆ.

ಆಸ್ಪತ್ರೆಯಿಂದ ಬಂದ ಮೊದಲ ವಾರಗಳಲ್ಲಿ ಅಂಗಳದಲ್ಲಿ ದಿನಕ್ಕೆರಡು ಬಾರಿ ಐದರಿಂದ ಹತ್ತು ನಿಮಿಷ. ಆರನೇ ವಾರದ ಹೊತ್ತಿಗೆ ಅಜ್ಜರಕಾಡು ಅಥವಾ ಮಂಗಳಾ ಕ್ರೀಡಾಂಗಣದಲ್ಲಿ ಅರ್ಧ ಗಂಟೆ. ಮಲ್ಪೆ, ಪಣಂಬೂರಿನ ಕಡಲತೀರದಲ್ಲಿ ನಡೆಯುವವರು ಇಳಿತದ ಹೊತ್ತು ನೋಡಿಕೊಂಡು ಒದ್ದೆ ಗಟ್ಟಿ ಮರಳಿನ ಮೇಲೆ ನಡೆಯಬೇಕು. ಸಡಿಲ ಒಣ ಮರಳು ಅದೇ ದೂರಕ್ಕೆ ಬಹಳ ಹೆಚ್ಚು ಶ್ರಮ ಕೇಳುತ್ತದೆ. ವಾರಕ್ಕೆ ಐದು ದಿನ 45 ನಿಮಿಷದಂತೆ ಒಂದು ತಿಂಗಳು ನಿರಾತಂಕವಾಗಿ ನಡೆದು, ಟಿಎಂಟಿಯೂ ಆದ ಮೇಲೆ ಕದ್ರಿ ಗುಡ್ಡ, ಮಣಿಪಾಲದ ಏರುರಸ್ತೆ. ನಂತರ ಬಂಟ್ವಾಳ ಬಳಿಯ ಕಾರಿಂಜ ದೇವಸ್ಥಾನದ ಮೆಟ್ಟಿಲು. ಬೆಳ್ತಂಗಡಿ ಬಳಿಯ ಗಡಾಯಿಕಲ್ಲು ಹತ್ತಿರವಿದೆಯೆಂದು ಹಲವರು ಅದನ್ನೇ ಮೊದಲು ಆರಿಸುತ್ತಾರೆ. ನೆಟ್ಟಗಿನ ಮೆಟ್ಟಿಲು, ಕಾದ ಬಂಡೆ, ನೆರಳು ಕಡಿಮೆ, ಅದು ಮೋಸದ ಗುಡ್ಡ. ಅದಕ್ಕಿಂತ ಕುಂದಾದ್ರಿ, ಕೊಡಚಾದ್ರಿ ಮೇಲು: ವಾಹನ ಮೇಲಿನವರೆಗೆ ಬರುವುದರಿಂದ ಬೇಕಾದಷ್ಟೇ ನಡೆದು ವಾಪಸಾಗಬಹುದು. ಸುಮಾರು 1,500 ಮೀಟರ್ ಏರಿಸುವ ಕುಮಾರ ಪರ್ವತ ಎಲ್ಲಕ್ಕಿಂತ ಕೊನೆಗೆ.

ಕೈಗಡಿಯಾರ ತೋರಿಸುವ ನಾಡಿಮಿಡಿತ ನಂಬಿ ಏರುವುದು ಇನ್ನೊಂದು ಎಡವಟ್ಟು. ಹೃದಯಾಘಾತದ ನಂತರ ಹಲವರಿಗೆ ಕೊಡುವ ಮೆಟೊಪ್ರೊಲಾಲ್‌ನಂಥ ಮಾತ್ರೆಗಳು ಮಿಡಿತ ಏರಲು ಬಿಡುವುದಿಲ್ಲ. ಗರಿಷ್ಠ ಮಿಡಿತಕ್ಕೆ ‘220ರಲ್ಲಿ ವಯಸ್ಸು ಕಳೆಯಿರಿ’ ಎಂಬ ಲೆಕ್ಕ ಇವರಿಗೆ ಹೊಂದದು. ಪೂರ್ತಿ ಒಂದು ವಾಕ್ಯ ತಡೆಯಿಲ್ಲದೆ ಮಾತಾಡಲಾಗುತ್ತಿದ್ದರೆ ವೇಗ ಸರಿ, ಎರಡು ಪದಕ್ಕೇ ಉಸಿರು ಬೇಕಾದರೆ ನಿಲ್ಲಬೇಕು. ಬಂಡೆ ಹಿಡಿದು ಮೈ ಎಳೆದುಕೊಳ್ಳುವಾಗ ಉಸಿರು ಕಟ್ಟಬಾರದು, ರಕ್ತದೊತ್ತಡ ಒಮ್ಮೆಲೇ ಜಿಗಿಯುತ್ತದೆ.

ಏರು ಶುರುವಾಗುವ ಹೊತ್ತಿನಲ್ಲೇ ಕೆಡಬಹುದು. ರಾತ್ರಿಯಿಡೀ ಪ್ರಯಾಣ, ನಿದ್ದೆಯಿಲ್ಲ, ಬೆಳಗಿನ ಮಾತ್ರೆ ಮರೆತಿದೆ, ಹೊಟ್ಟೆ ತುಂಬ ಬನ್ಸ್ ತಿಂದಾಗಿದೆ, ಜೀಪಿನಿಂದ ಇಳಿದವರೇ ಚಳಿಯಲ್ಲಿ ಏರು ಶುರು. ಸ್ಟೆಂಟ್ ಆದವರು ರಕ್ತ ತೆಳುಗೊಳಿಸುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತಪ್ಪಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ತಿಂಡಿಯಾಗಿ ಒಂದು ಗಂಟೆಯಾದರೂ ಕಳೆಯಲಿ, ಏರಿಗೆ ಮುಂಚೆ ಹತ್ತು ನಿಮಿಷ ಸಮತಟ್ಟಿನಲ್ಲಿ ನಡೆಯಲಿ. ತಂಡದ ನಾಯಕರದ್ದೂ ಒಂದು ತಪ್ಪಿದೆ: ಮುಂದಿದ್ದವರು ಕೂತು ಸುಧಾರಿಸಿಕೊಂಡು, ಹಿಂದುಳಿದವರು ತಲುಪಿದ ಕೂಡಲೇ ‘ಹೊರಡೋಣ’ ಎನ್ನುತ್ತಾರೆ. ಹಿಂದಿದ್ದವರಿಗೆ ದಿನವಿಡೀ ವಿಶ್ರಾಂತಿಯೇ ಇಲ್ಲ. ಹೃದಯದ ತೊಂದರೆಯಾದವರನ್ನು ಸಾಲಿನಲ್ಲಿ ಎರಡನೆಯವರಾಗಿ ನಡೆಸಿ, ಅವರ ವೇಗಕ್ಕೇ ತಂಡ ಹೊಂದಿಕೊಳ್ಳಲಿ.

ರಕ್ತ ತೆಳುಗೊಳಿಸುವ ಮಾತ್ರೆ ಇರುವಾಗ ಇಂಬಳ ಕಚ್ಚಿದರೆ ರಕ್ತ ಬೇಗ ನಿಲ್ಲದು. ಶುದ್ಧ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು, ನಡುನಡುವೆ ತೆಗೆದು ನೋಡಬಾರದು. ಇಳಿಯುವಾಗ ಮೊಣಕಾಲು ನೋವಿಗೆಂದು ಯಾರೋ ಕೊಡುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವಕ್ಕೂ ಹೃದಯಕ್ಕೂ ಕೆಟ್ಟದ್ದು; ಪ್ಯಾರಾಸಿಟಮಾಲ್ ಸಾಕು.

ಎದೆ ಬಿಗಿದರೆ, ದವಡೆ ಅಥವಾ ಎಡತೋಳು ಸೆಳೆದರೆ ಅದಕ್ಕೆ ‘ಗ್ಯಾಸ್ಟ್ರಿಕ್’ ಎಂದು ಹೆಸರಿಟ್ಟು ಸೋಡಾ ಕುಡಿಸಿ ಹೊತ್ತು ಕಳೆಯುವುದು ನಮ್ಮೂರ ಹಳೇ ಕಾಯಿಲೆ. ಮೊದಲು ಕೂರಿಸಿ. ವೈದ್ಯರು ಬರೆದುಕೊಟ್ಟ 5 ಮಿಲಿಗ್ರಾಂ ಸಾರ್ಬಿಟ್ರೇಟ್ (ರಕ್ತನಾಳ ಹಿಗ್ಗಿಸಿ ಎದೆನೋವು ಇಳಿಸುವ ಮಾತ್ರೆ) ನಾಲಗೆಯಡಿ ಇಡಿ. ನಿಂತು ಇಟ್ಟುಕೊಂಡರೆ ಬಿ.ಪಿ. ಇಳಿದು ಬೀಳಬಹುದು. ಹಿಂದಿನ 24 ಗಂಟೆಯಲ್ಲಿ ಸಿಲ್ಡೆನಾಫಿಲ್ (ವಯಾಗ್ರ) ತೆಗೆದುಕೊಂಡಿದ್ದರೆ ಕೊಡಲೇಬಾರದು. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ 108ಕ್ಕೆ ಕರೆ ಮಾಡಿ. ಅವರನ್ನು ನಡೆಸದೆ ಹೊತ್ತು ಇಳಿಸಬೇಕು. ಮಾತ್ರೆ ಯಾವ ಜೇಬಿನಲ್ಲಿದೆ ಎಂಬುದು ಜತೆಗಿರುವ ಇಬ್ಬರಿಗಾದರೂ ಗೊತ್ತಿರಲಿ.

ಕರೆ ಮಾಡಲು ನೆಟ್‌ವರ್ಕ್ ಎಲ್ಲಿ? ಘಟ್ಟದ ಹಲವು ದಾರಿಗಳಲ್ಲಿ ಅದು ಅರ್ಧದಲ್ಲೇ ಕೈಕೊಡುತ್ತದೆ. ಅರಣ್ಯ ಇಲಾಖೆ ಆನ್‌ಲೈನ್‌ನಲ್ಲಿ ಟಿಕೆಟ್ ಕೊಡುತ್ತದೆ, ಗೇಟಿನಲ್ಲಿ ಗುರುತುಚೀಟಿ ನೋಡುತ್ತದೆ. ಅದೇ ಗೇಟಿನಲ್ಲಿ ಒಂದು ಫಲಕ ಹಾಕಲಿ: ಮೊಬೈಲ್ ಸಿಗ್ನಲ್ ಸಿಗುವ ಕೊನೆಯ ಜಾಗ, ವಾಹನ ಬರುವ ಕೊನೆಯ ಜಾಗ, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ತೆಗೆದು ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಡುವ ಹತ್ತಿರದ ಸರ್ಕಾರಿ ಆಸ್ಪತ್ರೆ. ಇದು ಗೊತ್ತಿಲ್ಲದೆ ಗಾಬರಿಯಲ್ಲಿ ನೇರ ಮಂಗಳೂರಿಗೋ ಮಣಿಪಾಲಕ್ಕೋ ಕಾರು ಓಡಿಸಿದರೆ ದಾರಿಯಲ್ಲೇ ಅಮೂಲ್ಯ ಮೊದಲ ಗಂಟೆ ಮುಗಿದಿರುತ್ತದೆ. ಚಾರಣ ತಂಡಗಳೂ ‘ಆರೋಗ್ಯವಾಗಿದ್ದಾರೆ’ ಎಂಬ ಒಂದು ಸಾಲಿನ ಚೀಟಿ ಕೇಳುವುದನ್ನು ಬಿಟ್ಟು ಆಘಾತವಾದ ದಿನಾಂಕ, ಎಕೋ ಶೇಕಡಾ, ಟಿಎಂಟಿಯ ಮೆಟ್, ಈ ಮೂರನ್ನು ಬರೆಸಿಕೊಳ್ಳಲಿ.

– ಚಾರಣ ಮಾರ್ಗದರ್ಶಕರು ಮತ್ತು ಫಿಸಿಯೊಥೆರಪಿಸ್ಟ್‌ಗಳು, ಉಡುಪಿ